ತನ್ನ ಪರವಾಗಿ ತಾನೇ ಮಾತಾಡುವುದು ಅಹಂಕಾರವೇ?

ಬೆಟ್ಟ ಹತ್ತಿ ಬಂದ ಭಕ್ತಾದಿಗಳು ಅರ್ಚನೆ ಮಾಡಿಸುವಾಗ ಅರ್ಚಕರು ಮೊದಲು ಕೇಳುವುದು ಹೆಸರು, ಗೋತ್ರ, ನಕ್ಷತ್ರ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆಯಿಂದ ಭಾನುವಾರ ಟೆಂಪೋ ಮಾಡಿಕೊಂಡು ಬರುವ ಕುಟುಂಬಗಳನ್ನೇ ನೋಡಿ. ಮನೆಯ ಯಜಮಾನಿ ಮುಂದೆ ನಿಂತು ಎಲ್ಲರ ಹೆಸರನ್ನೂ ಹೇಳುತ್ತಾರೆ. ಯಜಮಾನರ ಹೆಸರು, ಅವರ ನಕ್ಷತ್ರ, ದೊಡ್ಡ ಮಗ, ಸೊಸೆ, ಮೊಮ್ಮಗು, ಪರೀಕ್ಷೆ ಬರೆಯುವ ಚಿಕ್ಕ ಮಗಳು, ಊರಲ್ಲಿರುವ ಅತ್ತೆ. ಎಲ್ಲ ಮುಗಿದ ಮೇಲೆ ಅರ್ಚಕರು "ತಾಯಿ, ನಿಮ್ಮ ಹೆಸರು?" ಅಂತ ಕೇಳಿದರೆ "ನಂದೇನು ಬಿಡಿ ಸ್ವಾಮಿ, ಅವರೆಲ್ಲ ಚೆನ್ನಾಗಿದ್ರೆ ಸಾಕು" ಅನ್ನುತ್ತಾರೆ. ಎಷ್ಟೋ ಜನಕ್ಕೆ ತಮ್ಮ ನಕ್ಷತ್ರ ಯಾವುದು ಅನ್ನುವುದೇ ಮರೆತುಹೋಗಿರುತ್ತದೆ.

ಅದೇ ತಾಯಿ ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿ ನಿಂತಾಗ ಮಾತಿಗೆ ತಡೆಯೇ ಇಲ್ಲ. ಮಗನಿಗೆ ಕೆಲಸ, ಮಗಳಿಗೆ ಗಂಡು, ಅರ್ಧಕ್ಕೆ ನಿಂತ ಮನೆ, ಮಂಡಿನೋವು, ಎಲ್ಲವನ್ನೂ ಸ್ವಾಮಿಯ ಹತ್ತಿರ ಹೇಳಿಕೊಳ್ಳುತ್ತಾರೆ. ಕೆಲವರು ಜಗಳವನ್ನೂ ಆಡುತ್ತಾರೆ: "ಇಷ್ಟು ವರ್ಷ ನಡ್ಕೊಂಡೆನಲ್ಲಪ್ಪ, ನಿಂಗೆ ಕಣ್ಣಿಲ್ವಾ?" ಆದರೆ ಹೊರಗೆ ಬಂದು ಹಣ್ಣುಕಾಯಿ ಅಂಗಡಿಯಿಂದ ಇಪ್ಪತ್ತು ರೂಪಾಯಿ ಚಿಲ್ಲರೆ ಬರಬೇಕು ಅಂದರೆ ಕೇಳಲು ಬಾಯಿ ಬರುವುದಿಲ್ಲ. ಅಂಗಡಿಯವನು ಆ ಕಡೆ ತಿರುಗಿದ ಅಂತ ಸುಮ್ಮನೆ ಮೆಟ್ಟಿಲು ಇಳಿಯುತ್ತಾರೆ. ಗಂಡಸರು ಇದರಲ್ಲಿ ಮೇಲು ಅಂತ ತಿಳಿಯಬೇಡಿ. ಮನೆಯಲ್ಲಿ ಗುಡುಗುವವರು ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ಕೈ ಕಟ್ಟಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ಜಗದೊಡೆಯನನ್ನೇ ಗದರುವವರು ತೆಂಗಿನಕಾಯಿ ಮಾರುವವನಿಗೆ ಹೆದರುವುದು ವಿಚಿತ್ರವಲ್ಲವೇ?

ಇದಕ್ಕೆ ಕಾರಣವನ್ನು ನಮ್ಮ ಸಂಸ್ಕಾರದಲ್ಲೇ ಹುಡುಕುವವರಿದ್ದಾರೆ. ತಗ್ಗಿ ನಡೆಯಬೇಕು, ದೊಡ್ಡವರ ಮುಂದೆ ಬಾಯಿ ಬಿಡಬಾರದು, ಮಾತು ಬೆಳ್ಳಿ ಮೌನ ಬಂಗಾರ, ತನಗೆ ಅಂತ ಕೇಳುವುದು ಸ್ವಾರ್ಥ. ಚಿಕ್ಕಂದಿನಿಂದ ಕೇಳಿದ ಈ ಮಾತುಗಳು ಸುಳ್ಳಲ್ಲ. ಅಹಂಕಾರ ಕೆಡಿಸುತ್ತದೆ ಅನ್ನುವುದನ್ನು ಯಾವ ಪುರಾಣ ಬಿಚ್ಚಿದರೂ ಕಾಣಬಹುದು. ಆದರೆ ವಿನಯಕ್ಕೂ ಭಯಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿನಯವಂತನೂ ತಲೆ ತಗ್ಗಿಸುತ್ತಾನೆ, ಹೆದರಿದವನೂ ತಲೆ ತಗ್ಗಿಸುತ್ತಾನೆ. ವ್ಯತ್ಯಾಸ ತಿಳಿಯುವುದು ರಾತ್ರಿ ಮಲಗಿದ ಮೇಲೆ. ವಿನಯದಿಂದ ಸುಮ್ಮನಾದವನಿಗೆ ನಿದ್ದೆ ಬರುತ್ತದೆ. ಹೆದರಿ ಸುಮ್ಮನಾದವನು ಗೋಡೆ ಕಡೆ ಮುಖ ಮಾಡಿಕೊಂಡು ಹಗಲು ಆಡಬೇಕಾಗಿದ್ದ ಮಾತನ್ನೆಲ್ಲ ಆಗ ಆಡುತ್ತಾನೆ. ಮಾರನೇ ದಿನ ಆ ಸಿಟ್ಟನ್ನು ಮನೆಯ ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಾನೆ. ಭಯವನ್ನು ವಿನಯ ಅಂತ ಕರೆದುಕೊಂಡು ಬಾಳುವುದು ಪುಣ್ಯದ ಲೆಕ್ಕಕ್ಕೆ ಬರುತ್ತದೆ ಅಂತ ಯಾವ ಗುರುವೂ ಹೇಳಿಲ್ಲ.

ಹಾಗಾದರೆ ದೇವರ ಮುಂದೆ ಬರುವ ಧೈರ್ಯ ಮನುಷ್ಯರ ಮುಂದೆ ಏಕೆ ಬರುವುದಿಲ್ಲ? ಇದಕ್ಕೆ ಉತ್ತರ ಮಹಾಭಾರತದ ಸಭಾಪರ್ವದಲ್ಲಿ ಸಿಗುತ್ತದೆ. ದ್ರೌಪದಿಯ ಕಥೆ ಅಂದರೆ ಎಲ್ಲರ ನೆನಪಿಗೂ ಬರುವುದು ಸೀರೆ ಸೆಳೆದದ್ದು, ಅವಳು ಕೃಷ್ಣನನ್ನು ಕರೆದದ್ದು. ಅದಕ್ಕೂ ಮೊದಲು ನಡೆದದ್ದು ಯಾಕೋ ಹೆಚ್ಚು ಪ್ರಚಾರಕ್ಕೆ ಬರಲಿಲ್ಲ. ಜೂಜಿನಲ್ಲಿ ಸೋತ ಧರ್ಮರಾಯ ಅವಳನ್ನೂ ಪಣಕ್ಕಿಟ್ಟು ಕಳೆದುಕೊಂಡ ಅಂತ ಹೇಳಲು ಪ್ರಾತಿಕಾಮಿ ಅನ್ನುವ ಸೇವಕ ಅಂತಃಪುರಕ್ಕೆ ಬಂದ. ದ್ರೌಪದಿ ಕೂಡಲೇ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಒಂದೇ ಪ್ರಶ್ನೆ ಕೊಟ್ಟು ಅವನನ್ನು ವಾಪಸ್ ಕಳಿಸಿದಳು. ರಾಜ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಮೊದಲು ಸೋತು ದಾಸನಾಗಿದ್ದರೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಅವನಿಗೆ ಎಲ್ಲಿಂದ ಬಂತು? ಭೀಷ್ಮರಂಥ ಭೀಷ್ಮರು ಧರ್ಮ ಬಹಳ ಸೂಕ್ಷ್ಮ ಅಂತ ಹೇಳಿ ಸುಮ್ಮನಾದರು. ತುಂಬಿದ ಸಭೆಯಲ್ಲಿ ಅವಳ ಪರವಾಗಿ ಎದ್ದು ನಿಂತವನು ದುರ್ಯೋಧನನ ತಮ್ಮನೇ ಆದ ವಿಕರ್ಣ. ವಿದುರ ಸರಿಯೇ ಸರಿ. ಉಳಿದ ದೊಡ್ಡವರೆಲ್ಲ ಬಾಯಿ ಮುಚ್ಚಿಕೊಂಡಿದ್ದರು. ಅವರ ಆ ಮೌನವನ್ನು ಬಂಗಾರ ಅಂತ ಯಾರಾದರೂ ಕರೆದಾರೆಯೇ?

ಆಮೇಲೆ ನಡೆದದ್ದು ಇನ್ನೂ ಗಮನಿಸಬೇಕಾದ್ದು. ಧೃತರಾಷ್ಟ್ರ ಹೆದರಿ, ವರ ಕೇಳು ಅಂದ. ಮೊದಲ ವರದಲ್ಲಿ ಅವಳು ಧರ್ಮರಾಯನನ್ನು ದಾಸ್ಯದಿಂದ ಬಿಡಿಸಿದಳು. ಎರಡನೆಯದರಲ್ಲಿ ಉಳಿದ ನಾಲ್ವರನ್ನು, ಅವರ ರಥ, ಬಿಲ್ಲುಗಳ ಸಮೇತ. ಇನ್ನೊಂದು ಕೇಳು ಅಂದಾಗ ಬೇಡ ಅಂದಳು. ಲೋಭ ಧರ್ಮವನ್ನು ಕೆಡಿಸುತ್ತದೆ, ಮೂರನೆಯ ವರಕ್ಕೆ ತಾನು ಅರ್ಹಳಲ್ಲ ಅಂದಳು. ತನ್ನ ಬಿಡುಗಡೆಯನ್ನು ಮಾತ್ರ ಅವಳು ವರವಾಗಿ ಕೇಳಲೇ ಇಲ್ಲ! ಏಕೆ? ತ್ಯಾಗವೇ? ಇರಲಾರದು. ತನ್ನನ್ನು ಸೋಲುವ ಹಕ್ಕೇ ಯಾರಿಗೂ ಇರಲಿಲ್ಲ ಅಂತ ವಾದಿಸಿದವಳು ತನ್ನ ಬಿಡುಗಡೆಯನ್ನು ಭಿಕ್ಷೆಯಾಗಿ ಹೇಗೆ ಬೇಡಿಯಾಳು? ಬೇಡಿದರೆ ಸೋತದ್ದನ್ನು ಒಪ್ಪಿಕೊಂಡ ಹಾಗಾಗುತ್ತಿತ್ತು. ಯಾವುದು ವರ, ಯಾವುದು ಹಕ್ಕು ಅನ್ನುವ ಲೆಕ್ಕ ಅವಳಿಗೆ ಸ್ಪಷ್ಟವಾಗಿತ್ತು.

ಬಾಯಿ ಕಟ್ಟುವುದು ಇಲ್ಲಿಯೇ. ದೇವರ ಹತ್ತಿರ ಕೇಳುವುದು ಕೃಪೆ. ಅದು ಕೊಟ್ಟರೂ ಸರಿ, ಕೊಡದಿದ್ದರೂ ಅವನ ಇಚ್ಛೆ, ಹಾಗಾಗಿ ಕೇಳಲು ಸಂಕೋಚವಿಲ್ಲ. ಮನುಷ್ಯರ ಹತ್ತಿರ ಬರಬೇಕಾದ ಚಿಲ್ಲರೆ, ಸಂಬಳ, ಪಾಲು, ಸರ್ಟಿಫಿಕೇಟು, ಇವು ಕೃಪೆಯಲ್ಲ. ಆದರೆ ಜನ ಅದನ್ನೂ ಕೃಪೆ ಅಂತಲೇ ತಿಳಿದು ನಿಂತಿರುತ್ತಾರೆ. ಸಾಹೇಬರು ಮನಸ್ಸು ಮಾಡಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ಹಾಗೆ. ಒಮ್ಮೆ ಹಾಗೆ ತಿಳಿದ ಮೇಲೆ ಕೇಳುವುದು ಬೇಡುವುದಾಗುತ್ತದೆ, ಬೇಡುವುದಕ್ಕೆ ನಾಚಿಕೆ ಆಗುತ್ತದೆ.

ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ವಿಷಯ ಇಲ್ಲಿ ಹೇಳಲೇಬೇಕು. ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿ ಪೀಣ್ಯ, ಜಾಲಹಳ್ಳಿ ಕ್ರಾಸ್ ಕಡೆ, ಇನ್ನೊಂದು ತುದಿಯಲ್ಲಿ ಬೊಮ್ಮನಹಳ್ಳಿ, ಹೊಸೂರು ರಸ್ತೆ ಕಡೆ, ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಬಿರಬಿರನೆ ನಡೆಯುವ ಸಾವಿರಾರು ಹೆಂಗಸರನ್ನು ಕಾಣಬಹುದು. ಬಹಳಷ್ಟು ಜನ ಹಳ್ಳಿಯಿಂದ ಬಂದವರು. ಹೊಲಿಗೆ ಮೆಷಿನ್ ಮುಂದೆ ಕೂತರೆ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ತಡವಾದರೆ ಸೂಪರ್‌ವೈಸರ್ ಬೈಗುಳ. ತಮ್ಮ ಬಗ್ಗೆ ಒಂದು ಮಾತು ಎತ್ತಿದವರಲ್ಲ. ಕೂಲಿ ಕಡಿಮೆ ಅಂತ ಗೊತ್ತಿದ್ದರೂ, ಎಲ್ಲ ಕಡೆ ಹೀಗೇ ಅಲ್ಲವಾ ಅಂತ ಸುಮ್ಮನಿದ್ದವರು.

2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ಬಗ್ಗೆ ಒಂದು ಅಧಿಸೂಚನೆ ಹೊರಡಿಸಿತು. ಕೆಲಸ ಬಿಟ್ಟವರು ತಮ್ಮ ಸಂಬಳದಿಂದ ಕಡಿತವಾದ ಹಣವನ್ನು ಮಾತ್ರ ತೆಗೆದುಕೊಳ್ಳಬಹುದು, ಮಾಲೀಕರು ಕಟ್ಟಿದ ಭಾಗ 58 ವರ್ಷ ತುಂಬುವವರೆಗೆ ಸಿಗುವುದಿಲ್ಲ ಅನ್ನುವುದು ಅದರ ಸಾರಾಂಶ. ವೃದ್ಧಾಪ್ಯಕ್ಕೆ ಹಣ ಉಳಿಯಲಿ ಅನ್ನುವ ಉದ್ದೇಶ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಗಾರ್ಮೆಂಟ್ಸ್ ಕೆಲಸದಲ್ಲಿ 58ರವರೆಗೆ ಉಳಿಯುವವರು ಎಷ್ಟು ಜನ? ನಲವತ್ತಕ್ಕೇ ಕಣ್ಣು, ಬೆನ್ನು ಸೋಲುತ್ತವೆ. ಆ ಹೆಣ್ಣುಮಕ್ಕಳಿಗೆ ಪಿ.ಎಫ್. ಅಂದರೆ ಮುಪ್ಪಿನ ಹಣವಲ್ಲ. ಮಗಳ ಮದುವೆ, ಮಗನ ಕಾಲೇಜು ಫೀಸು, ಮನೆ ಭೋಗ್ಯದ ದುಡ್ಡು, ಕೈಸಾಲ ತೀರಿಸುವ ದಾರಿ.

ಸುದ್ದಿ ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಏಪ್ರಿಲ್ 18, ಸೋಮವಾರ, ಬೊಮ್ಮನಹಳ್ಳಿ ಕಡೆಯ ಕಾರ್ಖಾನೆಗಳಿಂದ ಹೆಂಗಸರು ಹೊರಗೆ ಬಂದು ಹೊಸೂರು ರಸ್ತೆಯಲ್ಲಿ ಕೂತರು. ಮಾರನೇ ದಿನ ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್, ಪೀಣ್ಯದಲ್ಲೂ ಹಾಗೆಯೇ ಆಯಿತು. ಯಾವ ದೊಡ್ಡ ಮುಖಂಡನೂ ಕರೆ ಕೊಟ್ಟಿರಲಿಲ್ಲ, ವೇದಿಕೆ ಇರಲಿಲ್ಲ, ಮೈಕ್ ಇರಲಿಲ್ಲ. ಊರಿನ ಎರಡು ಹೆದ್ದಾರಿಗಳು ನಿಂತುಹೋದವು. 19ರ ಸಂಜೆಯ ಹೊತ್ತಿಗೆ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆ ವಾಪಸ್ ಪಡೆದಿರುವುದಾಗಿ ಪ್ರಕಟಿಸಿದರು. ದೇಶದ ಕೋಟ್ಯಂತರ ನೌಕರರಿಗೆ ಅನ್ವಯವಾಗುತ್ತಿದ್ದ ನಿಯಮ. ಬಿ.ಎ., ಎಂ.ಎ. ಓದಿದವರು, ಸೂಟು ಬೂಟಿನವರು, ಎಷ್ಟೋ ಜನಕ್ಕೆ ತಮ್ಮ ಹಣಕ್ಕೂ ಅದು ತಟ್ಟುತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು!

ಆ ಎರಡು ದಿನಗಳಲ್ಲಿ ಕೆಟ್ಟದ್ದೂ ನಡೆಯಿತು, ಅದನ್ನು ಮುಚ್ಚಿಡಬಾರದು. ಕಲ್ಲು ತೂರಾಟ ಆಯಿತು, ಬಸ್ಸುಗಳು ಸುಟ್ಟವು, ಹೆಬ್ಬಗೋಡಿ ಪೊಲೀಸ್ ಠಾಣೆಗೆ ನುಗ್ಗಿದರು, ಅಲ್ಲಿದ್ದ ವಾಹನಗಳಿಗೆ ಬೆಂಕಿ ಬಿತ್ತು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಪೆಟ್ಟು ತಿಂದವರಲ್ಲಿ ಹೆಂಗಸರೂ ಇದ್ದರು, ಪೊಲೀಸರೂ ಇದ್ದರು. ಬೆಂಕಿ ಹಚ್ಚುವುದು ಧೈರ್ಯವಲ್ಲ. ಗುಂಪಿನಲ್ಲಿ ಮುಖ ಮರೆಸಿಕೊಂಡವನಿಗೆ ಧೈರ್ಯದ ಅಗತ್ಯವೇ ಬರುವುದಿಲ್ಲ. ಆದರೆ ವರ್ಷಗಟ್ಟಲೆ ಸಣ್ಣ ದನಿಯಲ್ಲಿ ಹೇಳಿದ್ದನ್ನು ಯಾರೂ ಕೇಳದೆ ಹೋದರೆ ಅದು ಒಂದು ದಿನ ಹೇಗೆ ಸಿಡಿಯುತ್ತದೆ ಅನ್ನುವುದನ್ನು ಅಧಿಕಾರದಲ್ಲಿ ಇರುವವರು ಆ ದಿನ ನೋಡಿದರು.

ಇಲ್ಲಿ ವಿಚಾರ ಮಾಡಬೇಕಾದ್ದು ಏನೆಂದರೆ, ಬೈಗುಳಕ್ಕೆ ಏಳದ ಹೆಂಗಸರು, ಕಡಿಮೆ ಕೂಲಿಗೆ ಏಳದ ಹೆಂಗಸರು ಪಿ.ಎಫ್.ಗೆ ಎದ್ದದ್ದು ಏಕೆ? ರಾತ್ರೋರಾತ್ರಿ ಅವರ ಸ್ವಭಾವ ಬದಲಾಯಿತೇ? ಸ್ವಭಾವ ಹಾಗೆ ಬದಲಾಗುವುದಿಲ್ಲ. ಕೂಲಿ ಎಷ್ಟಿರಬೇಕು ಅನ್ನುವುದರಲ್ಲಿ ವಾದವಿರಬಹುದು. ಮಾಲೀಕ ಕೊಡುವುದು, ತಾವು ತಗೊಳ್ಳುವುದು ಅನ್ನುವ ಭಾವನೆ ಒಳಗೆ ಇದ್ದೇ ಇರುತ್ತದೆ. ಪಿ.ಎಫ್. ಹಾಗಲ್ಲ. ತಿಂಗಳು ತಿಂಗಳೂ ಮೂಲ ವೇತನದ ಮೇಲೆ ನೂರಕ್ಕೆ 12ರಂತೆ ಕಡಿತವಾದದ್ದು ಸಂಬಳದ ಚೀಟಿಯಲ್ಲಿ ಅವರವರ ಹೆಸರಿನ ಕೆಳಗೆ ಅಚ್ಚಾಗಿ ಬರುತ್ತಿತ್ತು. ಮಾಲೀಕರೂ ತಮ್ಮ ಕಡೆಯಿಂದ ಅಷ್ಟೇ ಕಟ್ಟಬೇಕು ಅನ್ನುವುದು ಕಾನೂನು, ದಾನವಲ್ಲ. ಇದು ನನ್ನದು ಅನ್ನುವುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನ ಹೋದ ಕಡೆ ಮಾತು ತಾನಾಗಿ ಬಂತು.

ಮಾತಾಡಿದವರಿಗೆಲ್ಲ ಎರಡೇ ದಿನದಲ್ಲಿ ಜಯ ಸಿಗುತ್ತದೆ ಅಂತ ಹೇಳಿದರೆ ಅದು ಭಕ್ತರಿಗೆ ಮಾಡುವ ಮೋಸ. ಮಲೆಯ ಮಾದಪ್ಪನ ಕಥೆಯಲ್ಲಿ ಬರುವ ಸಂಕಮ್ಮನನ್ನು ಕಂಸಾಳೆಯವರ ಬಾಯಲ್ಲಿ ಕೇಳಿದವರಿಗೆ ಗೊತ್ತು. ಕಾಡಿಗೆ ಹೊರಟ ಗಂಡ ನೀಲೇಗೌಡ ಅನುಮಾನದಿಂದ ಭಾಷೆ ಕೊಡು ಅಂದ. ಅವಳು ಕೊಡಲಿಲ್ಲ. ಅದಕ್ಕೆ ಅವನು ಕೊಟ್ಟ ಹಿಂಸೆ ಕೇಳಿದರೆ ಕಲ್ಲೂ ಕರಗಬೇಕು. ಮಾದಪ್ಪ ಬಂದ, ನಿಜ, ಆದರೆ ಅವನು ಬಂದದ್ದು ಆಮೇಲೆ. ತನ್ನ ಪರವಾಗಿ ನಿಂತದ್ದಕ್ಕೆ ಬೆಲೆ ತೆತ್ತ ಹೊತ್ತಿನಲ್ಲಿ ಅವಳು ಒಬ್ಬಳೇ ಇದ್ದಳು.

ಆದ್ದರಿಂದ ಮಾತಾಡುವ ಮೊದಲು ಸ್ವಲ್ಪ ತಯಾರಿ ಇರಬೇಕು. ಎಲ್ಲರೂ ಎದೆ ಗಟ್ಟಿ ಮಾಡಿಕೋ ಅನ್ನುತ್ತಾರೆ, ಗಟ್ಟಿ ಮಾಡಿಕೊಳ್ಳುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಂಡು ಹೋದವನಿಗೆ ಎದುರಿಗಿದ್ದವರು ಗದರಿದರೂ ವಿಷಯ ಮರೆಯುವುದಿಲ್ಲ. ದನಿ ಏರಿಸಬೇಕಾಗಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಇರುವುದು ಸುಮ್ಮನಲ್ಲ. ಜೊತೆಗೆ ಒಬ್ಬರಿದ್ದರೆ ಒಳ್ಳೆಯದು, ಅವರು ಬಾಯಿ ಬಿಡದಿದ್ದರೂ ಪರವಾಗಿಲ್ಲ. ಅರ್ಜಿ ಕೊಟ್ಟರೆ ಸ್ವೀಕೃತಿ ಕೇಳಬೇಕು. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಹೋದವರಿಗೆ 2012ರಿಂದ ಊರೂರಿಗೂ ಬಂದ 'ಸಕಾಲ' ಗೊತ್ತಿರಬೇಕು. ಅರ್ಜಿಗೆ 15 ಅಂಕಿಯ ಒಂದು ನಂಬರ್ ಕೊಡುತ್ತಾರೆ, ಇಷ್ಟು ದಿನದ ಒಳಗೆ ಕೆಲಸ ಆಗಬೇಕು ಅಂತ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರನಿಗೆ ಪರಿಹಾರ ಕೊಡಬೇಕು ಅಂತ ಕಾನೂನೇ ಹೇಳಿದೆ. ಹಣ ದೊಡ್ಡದಲ್ಲ. ಕಿಟಕಿಯ ಈ ಕಡೆ ನಿಂತವನು ಭಿಕ್ಷುಕನಲ್ಲ ಅನ್ನುವುದು ಅದರಲ್ಲಿದೆ. ಇಂಥ ಸಣ್ಣ ಕಡೆ ಬಾಯಿ ಅಭ್ಯಾಸವಾದರೆ ದೊಡ್ಡ ಕಡೆ ತಡವರಿಸುವುದಿಲ್ಲ.

ದೊಡ್ಡ ಕಡೆ ಅಂದರೆ ಹೆಚ್ಚಾಗಿ ಸ್ವಂತ ಮನೆಯೇ. ಹೊರಗಿನವರ ಹತ್ತಿರ ಹೇಗಾದರೂ ಮಾತಾಡಬಹುದು, ಒಡಹುಟ್ಟಿದವರ ಮುಂದೆ ಬಹಳ ಕಷ್ಟ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳದಿಂದ ಆಚೆಗೆ, ಯಲಹಂಕ, ಬಾಗಲೂರು ಕಡೆಯ ರಾಗಿ ಹೊಲ, ದ್ರಾಕ್ಷಿ ತೋಟಗಳಿಗೆ ಯಾರೂ ಕನಸಲ್ಲೂ ಕಾಣದ ಬೆಲೆ ಬಂತು. ಅಲ್ಲಿಯವರೆಗೆ ಹಬ್ಬಕ್ಕೆ ಕರೆಯಲು ಮರೆತಿದ್ದ ಅಣ್ಣತಮ್ಮಂದಿರು ಸೀರೆ, ಕುಪ್ಪಸ, ಅರಿಶಿನ ಕುಂಕುಮ ಹಿಡಿದು ಅಕ್ಕತಂಗಿಯರ ಮನೆಗೆ ಹೋದದ್ದು ಆ ಕಡೆಯ ಹಳ್ಳಿಗಳಲ್ಲಿ ಮನೆಮನೆಯ ಕಥೆ. "ಒಂದು ಸೈನ್ ಹಾಕ್ಬೇಕಮ್ಮ, ಸುಮ್ನೆ ಫಾರ್ಮಾಲಿಟಿ" ಅನ್ನುತ್ತಾರೆ. ಕಾರು ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತಾರೆ. ಅದು ಹಕ್ಕು ಬಿಡುಗಡೆ ಪತ್ರ. ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟವರೂ ಇಲ್ಲದಿಲ್ಲ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ತಿಳಿದಿರುವುದು ಒಳ್ಳೆಯದು. ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆ ಹಕ್ಕು ಬಂತು, ಆಗ ಅದು ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಇರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ದೇಶಕ್ಕೆಲ್ಲ ಜಾರಿಯಾಗಿ ಮದುವೆಯಾದ ಮಗಳಿಗೂ ಸಮಪಾಲು ಅಂತಾಯಿತು. ಆ ದಿನ ತಂದೆ ಬದುಕಿರಲೇಬೇಕು ಅಂತ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಭಾಗವಾಗಿದ್ದರೆ, ಮಾರಾಟವಾಗಿದ್ದರೆ ಅದನ್ನು ಈಗ ಕೆದಕಲು ಬರುವುದಿಲ್ಲ. ತಂದೆ ಸ್ವಂತ ದುಡಿದು ಮಾಡಿದ ಆಸ್ತಿಗೆ ವಿಲ್ ಬರೆದಿದ್ದರೆ ಅದರ ಲೆಕ್ಕವೇ ಬೇರೆ.

ಇಷ್ಟೆಲ್ಲ ಗೊತ್ತಿದ್ದರೂ ಕೇಳುವುದು ಸುಲಭವಲ್ಲ. ಕೇಳಿದರೆ ತವರು ಹೋಗುತ್ತದೆ ಅನ್ನುವ ಭಯ ಇದೆ, ಅದು ಹುಸಿ ಭಯ ಅಂತ ಹೇಳಲೂ ಆಗದು. ಕೇಳಿದ ಮೇಲೆ ಬಾಗಿಲು ಮುಚ್ಚಿದ ತವರುಗಳು ಎಷ್ಟೋ ಇವೆ. ಅಣ್ಣಂದಿರ ಕಡೆಯ ಮಾತನ್ನೂ ಕೇಳಬೇಕು. ಸಾಲ ಮಾಡಿ ತಂಗಿಯ ಮದುವೆ ಮಾಡಿದವನು, ಹಾಸಿಗೆ ಹಿಡಿದ ಅಪ್ಪ ಅಮ್ಮನನ್ನು ಹತ್ತು ವರ್ಷ ನೋಡಿಕೊಂಡವನು, ಬರಗಾಲದಲ್ಲಿ ಆ ಹೊಲವನ್ನು ಕೈಬಿಡದೆ ಉಳಿಸಿದವನು "ನಂಗೇನೂ ಇಲ್ವಾ?" ಅಂತ ಕೇಳಿದರೆ ಅದರಲ್ಲಿ ನ್ಯಾಯ ಇಲ್ಲ ಅನ್ನಲು ಯಾರಿಗೆ ಬಾಯಿ ಬಂದೀತು? ಅಂಥ ಅಣ್ಣನಿಗೆ ತನ್ನ ಪಾಲನ್ನು ಪೂರ್ತಿಯಾಗಿಯೋ ಅರ್ಧವೋ ಬಿಟ್ಟುಕೊಟ್ಟ ಅಕ್ಕತಂಗಿಯರು ಇದ್ದಾರೆ. ಅವರ ಮನಸ್ಸು ದೊಡ್ಡದು. ಆದರೆ ತನ್ನ ಪಾಲು ಎಷ್ಟು ಅಂತ ತಿಳಿದು ಬಿಟ್ಟರೆ ಮಾತ್ರ ಅದು ಬಿಟ್ಟುಕೊಟ್ಟಂತೆ. ಏನು ಅಂತಲೇ ತಿಳಿಯದೆ ಹೆಬ್ಬೆಟ್ಟು ಒತ್ತಿ ಬಂದವಳು ಯಾರಿಗೂ ಏನನ್ನೂ ಕೊಟ್ಟಿರುವುದಿಲ್ಲ, ಅವಳಿಂದ ತೆಗೆದುಕೊಂಡಿರುತ್ತಾರೆ. ಆ ಅಣ್ಣನೂ ತಂಗಿಯ ತ್ಯಾಗ ಪಡೆದ ಭಾಗ್ಯವಂತನಾಗುವುದಿಲ್ಲ.

ಪತ್ರ ಬರೆಯುವವರು ಹಕ್ಕು ಬಿಡುಗಡೆ ಪತ್ರವನ್ನು ಮೊದಲೇ ಟೈಪ್ ಮಾಡಿಸಿ ಇಟ್ಟಿರುತ್ತಾರೆ. ಸಬ್ ರಿಜಿಸ್ಟ್ರಾರ್ ಮುಂದೆ ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟಿನ ಗುರುತು ತಗೊಳ್ಳುತ್ತಾರೆ, ಹಿಂದೆ ಇನ್ನೂ ಜನ ಕಾಯುತ್ತಿರುತ್ತಾರೆ. ಈ ಪತ್ರ ಬರೆದುಕೊಟ್ಟದ್ದು ನೀವೇನಾ ಅಂತ ಅಧಿಕಾರಿ ಕೇಳಲೇಬೇಕು, ಅದು ನೋಂದಣಿಯ ನಿಯಮ. ತಾಯಂದಿರು ಅಣ್ಣನ ಮುಖ ನೋಡಿ ತಲೆ ಆಡಿಸಿ ಮುಂದೆ ಹೋಗುತ್ತಾರೆ. ಆಗ, ಯಾರ ಮೇಲೂ ಸಿಟ್ಟಾಗದೆ, "ಇದ್ರಲ್ಲಿ ಏನ್ ಬರ್ದಿದೆ, ಒಂದ್ಸಲ ಓದಿ ಹೇಳಿ ಸ್ವಾಮಿ" ಅಂತ ಕೇಳಬಹುದು. ಓದಿದ್ದನ್ನು ಕೇಳಿ, ಮನೆಗೆ ಹೋಗಿ ಯೋಚನೆ ಮಾಡಿ ಬರ್ತೀನಿ ಅಂತಲೂ ಹೇಳಬಹುದು. ಆ ದಿನದ ಟೋಕನ್ ಹೋದರೆ ಇನ್ನೊಂದು ದಿನಕ್ಕೆ ತಗೊಳ್ಳಲು ಬರುತ್ತದೆ.